ಮಂಜಾಚಾರರ ಅಡಿಗಲ್ಲು

ಮನೆಯೊಳಗೆ ಓಡಬಾರದು ಎಂಬುದು ಉಮ್ಮ ನನಗೆ ಹೇಳಿಕೊಟ್ಟ ಮೊದಲ ಪಾಠ. ಓಡಿದರೆ ಕಾಲಿಗೆ ಕಬ್ಬಿಣ ತಾಗುತ್ತಿತ್ತು. ಬಾಳೂರಿನಿಂದ ಕಳಸದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಮನೆ. ಎದುರಿಗೆ ಎರಡು ಜೀಪು ನಿಲ್ಲುವಷ್ಟು ತಗಡಿನ ಶೆಡ್ಡು, ಅದು ಅಬ್ಬನ ಗ್ಯಾರೇಜು. ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಸೌದೆ ಒಟ್ಟುವ ಚಾವಡಿ. ಗ್ಯಾರೇಜಿನ ಸಾಮಾನು ಗ್ಯಾರೇಜಿನಲ್ಲೇ ಇರುತ್ತಿತ್ತು, ಅದರ ಬಗ್ಗೆ ಉಮ್ಮನಿಗೆ ತಕರಾರಿರಲಿಲ್ಲ. ಮನೆಯೊಳಗೆ ತುಂಬಿದ್ದು ಬೇರೆ ಕಬ್ಬಿಣ. ಮಂಚದ ಕೆಳಗೆ ಹಿಡಿ ಇಲ್ಲದ ಸುತ್ತಿಗೆಗಳು, ಬಾಗಿಲ ಹಿಂದೆ ಉದ್ದುದ್ದದ ಇಕ್ಕಳಗಳು, ನನ್ನ ಶಾಲೆಯ ಪುಸ್ತಕ ಇಡುವ ಹಲಗೆಯ ಅರ್ಧದಲ್ಲಿ ಅರಗಳು ಮತ್ತು ಉಳಿಗಳು, ಬಚ್ಚಲಿಗೆ ಹೋಗುವ ಓಣಿಯಲ್ಲಿ ಬೆಂಕಿಗೆ ಗಾಳಿ ಊದುವ ಹರಿದ ಚರ್ಮದ ಒಂದು ತಿದಿ. ನೆಂಟರು ಬಂದರೆ ಮೊದಲು ಚಾಪೆ ಹಾಸುವುದಲ್ಲ, ಚಾಪೆ ಹಾಸಲು ಜಾಗ ಮಾಡುವುದೇ ನಮಗೆ ದೊಡ್ಡ ಕೆಲಸ. ಉಮ್ಮನ ಎಡಗಾಲಿನ ಹೆಬ್ಬೆರಳಿನ ಉಗುರು ನನಗೆ ಬುದ್ಧಿ ಬಂದಾಗಿನಿಂದ ಕಪ್ಪಾಗಿಯೇ ಇತ್ತು.

ಅಬ್ಬನ ಹೆಸರು ಹಸನಬ್ಬ. ಆ ಸುತ್ತಿನ ಎಸ್ಟೇಟುಗಳ ಜೀಪು ಎಲ್ಲೇ ಕೆಟ್ಟು ನಿಂತರೂ ಅವರಿಗೇ ಕರೆ. ಮಲ್ಲಂದೂರಿನವರೆಗೂ ಹೋಗುತ್ತಿದ್ದರು, ಸಂಸೆಯವರೆಗೂ ಹೋಗುತ್ತಿದ್ದರು. ಹೋದವರು ಬರುವಾಗ ಒಂದಾದರೂ ಹಳೆಯ ಹತ್ಯಾರು ತರುತ್ತಿದ್ದರು. ಊರೂರಿನಲ್ಲಿ ಕುಲುಮೆಗಳು ಆರುತ್ತಿದ್ದ ಕಾಲ ಅದು. ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಬಂದಿತ್ತು, ಸಿದ್ಧವಾದ ಕತ್ತಿಗಳು ಗೋಣಿಗಟ್ಟಲೆ ಬರುತ್ತಿದ್ದವು. ಕುಲುಮೆ ನಿಲ್ಲಿಸಿದವರ ಮನೆಯ ಹಿತ್ತಲಲ್ಲಿ ಮಣ್ಣು ಹಿಡಿದು ಬಿದ್ದಿದ್ದ ಇಕ್ಕಳವೋ ಸುತ್ತಿಗೆಯೋ ಅಬ್ಬನ ಕಣ್ಣಿಗೆ ಬಿದ್ದರೆ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ಕೇಳಿ ತಂದು, ತೊಳೆದು, ತುಕ್ಕು ಉಜ್ಜಿ, ಅದು ಯಾವ ಊರಿನ ಯಾರ ಕೈಯದು ಎಂದು ನಮಗೆ ಹೇಳಿ, ನಂತರ ಮನೆಯಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ತುರುಕುತ್ತಿದ್ದರು. ಯಾಕೆ ಬೇಕು ಎಂದು ಉಮ್ಮ ಕೇಳುತ್ತಿದ್ದಳು. ನಮ್ಮ ಅಜ್ಜನೂ ಕಮ್ಮಾರನಲ್ಲ, ಮುತ್ತಜ್ಜನೂ ಅಲ್ಲ. ಅಬ್ಬನಿಗೆ ಅದೊಂದು ಹುಚ್ಚು, ಅಷ್ಟೇ.

ಈ ಹುಚ್ಚಿನ ಚಾಕರಿ ಮಾತ್ರ ನಮ್ಮ ಪಾಲಿಗೆ ಬಂದಿತ್ತು. ನಮ್ಮ ಕಡೆಯ ಗಾಳಿಯಲ್ಲಿ ಬರೀ ಕಬ್ಬಿಣ ಎರಡು ವಾರ ಇದ್ದರೆ ಕೆಂಪಗಾಗುತ್ತದೆ. ಹಾಗಾಗಿ ಸರದಿಯ ಮೇಲೆ ಎಲ್ಲವನ್ನೂ ಹೊರಗೆ ತೆಗೆದು, ಗ್ಯಾರೇಜಿನ ಸುಟ್ಟ ಆಯಿಲ್ ಬಟ್ಟೆಗೆ ಅದ್ದಿ ಒರೆಸಬೇಕು. ಅಬ್ಬ ಜೀಪಿನ ಕೆಳಗೆ ಮಲಗಿರುತ್ತಿದ್ದರು. ಒರೆಸುತ್ತಿದ್ದವರು ಉಮ್ಮ ಮತ್ತು ನಾನು. ಉಮ್ಮ ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟಿ, ರಿಪೇರಿಗೆ ಬಂದು ಕಾಯುವ ಡ್ರೈವರುಗಳಿಗೂ ಸೇರಿಸಿ ಒಣಮೀನಿನ ಸಾರು ಮಾಡಿ, ಬಟ್ಟೆ ಒಗೆದು, ಆಮೇಲೆ ಚಾವಡಿಯಲ್ಲಿ ಕಾಲು ಚಾಚಿ ಕೂತು ಇಕ್ಕಳ ಒರೆಸುವುದು. ನನ್ನ ಕೈಯಿಂದ ಆ ವಾಸನೆ ಹೋಗುತ್ತಲೇ ಇರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಜಾಗ ಬದಲಿಸಿದಳು. ನಾನು ಅದನ್ನು ಮನೆಯಲ್ಲಿ ಹೇಳಲಿಲ್ಲ, ಆದರೆ ಉಮ್ಮನಿಗೆ ಹೇಗೋ ಗೊತ್ತಾಯಿತು. ನಮ್ಮ ಮನೆಮಾತು ಬ್ಯಾರಿ. ಅದನ್ನು ಇಲ್ಲಿ ಕನ್ನಡಕ್ಕೆ ತರುವಾಗ ಉಮ್ಮನ ಮಾತಿನ ಖಾರ ಸ್ವಲ್ಪ ಇಳಿದಿರಬಹುದು.

“ಬೇರೆಯವರು ಮಕ್ಕಳ ಕೈಗೆ ಮದರಂಗಿ ಹಚ್ತಾರೆ. ನಮ್ಮಲ್ಲಿ ಆಯಿಲು.”

“ಒರೆಸ್ಲಿಲ್ಲ ಅಂದ್ರೆ ಹಾಳಾಗ್ತದೆ ಮಾರಾಯ್ತಿ.”

“ಹಾಳಾಗ್ಲಿ. ನಾನು ಹಾಳಾಗ್ತಾ ಇಲ್ವಾ?”

ಅಬ್ಬ ಇಂಥ ಮಾತಿಗೆ ಎದುರು ಹೇಳುತ್ತಿರಲಿಲ್ಲ. ಎದ್ದು ಗ್ಯಾರೇಜಿಗೆ ಹೋಗುತ್ತಿದ್ದರು. ಅವರ ಆ ಮೌನವೇ ಉಮ್ಮನನ್ನು ಇನ್ನಷ್ಟು ಸುಸ್ತು ಮಾಡುತ್ತಿತ್ತು ಎಂದು ನನಗೀಗ ಅನಿಸುತ್ತದೆ.

ಶುಕ್ರವಾರ ಮಧ್ಯಾಹ್ನ ಗ್ಯಾರೇಜಿಗೆ ರಜೆ. ಜುಮಾ ನಮಾಜು ಮುಗಿಸಿ ಬಂದು, ಉಂಡು, ಅಬ್ಬ ಹಿಂದಿನ ಚಾವಡಿಯ ಮೂಲೆಯಲ್ಲಿ ತಾವೇ ಕಟ್ಟಿಕೊಂಡ ಕುಲುಮೆಗೆ ಇದ್ದಿಲು ಸುರಿಯುತ್ತಿದ್ದರು. ಗಾಳಿಗೆ ಜೀಪಿನ ಹೀಟರಿನಿಂದ ಬಿಚ್ಚಿದ ಸಣ್ಣ ಫ್ಯಾನು, ಅದಕ್ಕೊಂದು ಹಳೆಯ ಬ್ಯಾಟರಿ. ಮುರಿದ ಸ್ಪ್ರಿಂಗ್ ಪ್ಲೇಟಿನ ತುಂಡು ಕಾದು ಕಿತ್ತಳೆ ಬಣ್ಣಕ್ಕೆ ಬರುವಾಗ ಅವರ ಮುಖ ನೋಡಬೇಕಿತ್ತು. ವಾರವಿಡೀ ಯಾವುದೋ ಸಾಹುಕಾರರ ಜೀಪಿನ ಅಡಿಯಲ್ಲಿ ಮಲಗಿ, “ಇನ್ನೂ ಆಗಿಲ್ವಾ ಹಸನಬ್ಬ?” ಎಂದು ಕೇಳಿಸಿಕೊಂಡ ಮನುಷ್ಯ ಆ ಹೊತ್ತಿನಲ್ಲಿ ಯಾರ ಅವಸರವೂ ಇಲ್ಲದವರಾಗಿರುತ್ತಿದ್ದರು. ಅವರು ಮಾಡಿದ್ದು ಹೆಚ್ಚೇನಲ್ಲ: ಅಡುಗೆಮನೆಗೊಂದು ಚಾಕು, ಬಾಗಿಲಿಗೆ ಚಿಲಕ, ರೊಟ್ಟಿ ಮೊಗಚುವ ಸಟ್ಟುಗ, ತೆಂಗಿನಕಾಯಿ ತುರಿಯುವ ಮಣೆಗೊಂದು ಹಲ್ಲು. ಚಾಕು ಒಂದು ಕಡೆಗೆ ವಾಲುತ್ತಿತ್ತು. ಕತ್ತಿಗಳು ಹದ ಕೊಡುವಾಗ, ಎಂದರೆ ಕೆಂಪಗೆ ಕಾದದ್ದನ್ನು ನೀರಿಗೆ ಅದ್ದುವಾಗ, ಸೀಳು ಬಿಡುತ್ತಿದ್ದವು. ಆದರೂ ಉಮ್ಮ ಆ ವಾಲುವ ಚಾಕುವಿನಲ್ಲೇ ಮೀನು ಹೆಚ್ಚುತ್ತಿದ್ದಳು. ಬೈಯುತ್ತಲೇ ಹೆಚ್ಚುತ್ತಿದ್ದಳು, ಬೇರೆ ಚಾಕು ಮಾತ್ರ ತರಿಸಲಿಲ್ಲ.

ಅಬ್ಬನ ಎಲ್ಲಾ ಸಂಗ್ರಹದಲ್ಲಿ ಅವರ ಜೀವ ಇದ್ದದ್ದು ಒಂದು ಅಡಿಗಲ್ಲಿನಲ್ಲಿ. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ದಿಮ್ಮಿ ಅದು. ಹೆಸರಿನಲ್ಲಿ ಮಾತ್ರ ಕಲ್ಲು. ಸಂಸೆಯ ಮಂಜಾಚಾರರು ಎಂಬ ಹಿರಿಯ ಕಮ್ಮಾರರದು. ಅವರ ಕೈಯ ಮರಗಸಿ ಕತ್ತಿ, ಎಂದರೆ ನೆರಳಿನ ಮರದ ಕೊಂಬೆ ಇಳಿಸುವ ಕತ್ತಿ, ಕಳಸದ ಸುತ್ತಿನ ಎಲ್ಲಾ ತೋಟಗಳಲ್ಲೂ ಇತ್ತು. ವಯಸ್ಸಾಗಿ, ಭುಜ ಎತ್ತಲಾರದೆ ಕುಲುಮೆ ನಿಲ್ಲಿಸಿದಾಗ ಅವರು ಅಬ್ಬನನ್ನು ಕರೆದು ಅಡಿಗಲ್ಲನ್ನು ಜೀಪಿಗೆ ಹಾಕಿಸಿದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. “ಇಟ್ಕೊಂಡಿರಿ ಹಸನಬ್ಬ, ಇಲ್ಲಿ ಸುಮ್ನೆ ಬಿದ್ದು ತುಕ್ಕು ತಿನ್ನೋದು ಬೇಡ,” ಎಂದರಂತೆ. ಆಮೇಲೆ ಒಂದೆರಡು ಸಲ ಬಸ್ಸು ಹತ್ತಿ ಬಾಳೂರಿಗೆ ಬಂದು, ಚಾವಡಿಯಲ್ಲಿ ಕೂತು ಅಬ್ಬ ಬಡಿಯುವುದನ್ನು ನೋಡಿ ನಕ್ಕರು. ಕಬ್ಬಿಣ ತಣ್ಣಗಾದ ಮೇಲೂ ಬಡೀತೀರಲ್ಲ, ಅದು ಸಾಕು ಅಂತಿದೆ, ಕೇಳೋದಿಲ್ವಾ ಎಂದು ಬೈದರು. ಅಬ್ಬನಿಗೆ ಆ ಬೈಗುಳ ಪ್ರಶಸ್ತಿ ಸಿಕ್ಕ ಹಾಗೆ. ಅದಾಗಿ ವರ್ಷದೊಳಗೆ ಆಚಾರರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ನಾನು ಆರನೇ ಕ್ಲಾಸಿನಲ್ಲಿದ್ದೆ. ಕಾಫಿ ಕೊಯ್ಲು ಮುಗಿಯುತ್ತಾ ಬಂದ ದಿನಗಳು, ಎಲ್ಲಾ ಎಸ್ಟೇಟಿನ ಜೀಪುಗಳಿಗೂ ಒಟ್ಟಿಗೇ ಕಾಯಿಲೆ. ಒಬ್ಬ ಡ್ರೈವರ್ ಮಾತಿಗೆ ಹೇಳಿ ಹೋದ: ಮಂಜಾಚಾರರ ಮಗಳು ಶಾರದ, ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದವಳು, ಕುಲುಮೆ ಮತ್ತೆ ಹಚ್ಚುತ್ತಾಳಂತೆ. ಹೆಂಗಸು ಕುಲುಮೆ ಹಚ್ಚುವುದಾ ಎಂದು ಅಲ್ಲಿದ್ದವರೆಲ್ಲ ನಕ್ಕರು. ಅಬ್ಬ ನಗಲಿಲ್ಲ. ಅವತ್ತು ಸಂಜೆ ಅವರು ಅಡಿಗಲ್ಲಿನ ಮೇಲೆ ಎರಡು ಗೋಣಿ ಮುಚ್ಚಿ, ಅದರ ಎದುರಿಗೆ ಸೌದೆ ಒಟ್ಟಿದರು.

ಅದರ ಮರುವಾರದ ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಕಳಸದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ನೀಲಿ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ನನಗೆ ಜ್ವರ ಬಿಟ್ಟು ಎರಡು ದಿನವಾಗಿತ್ತು, ಶಾಲೆಗೆ ಹೋಗದೆ ಶೆಡ್ಡಿನ ಬಾಗಿಲಲ್ಲಿ ಕೂತಿದ್ದೆ. ಅಬ್ಬ ಅವಳನ್ನು ನೋಡಿದವರೇ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಇಟ್ಟರು.

“ಜುಬಿ, ನಾನು ಮಲ್ಲಂದೂರಿಗೆ ಹೋಗಿದೀನಿ ಅನ್ನು. ಅಡಿಗಲ್ಲು ಕೇಳಿದ್ರೆ ಯಾರಿಗೋ ಕೊಟ್ಟಾಯ್ತು ಅನ್ನು.”

ಇಷ್ಟು ಹೇಳಿ, ನಿಂತಿದ್ದ ಜೀಪಿನ ಅಡಿಗೆ ನುಸುಳಿ, ಗೋಣಿಯ ಮೇಲೆ ಅಂಗಾತ ಮಲಗಿಬಿಟ್ಟರು. ಅಷ್ಟರಲ್ಲಿ ಅವಳು ಬಂದು ನನ್ನ ಎದುರಿಗೆ ನಿಂತಳು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಎರಡೂ ಮುಂಗೈಗಳ ಮೇಲೆ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು. ಅಬ್ಬನ ಕೈಯಲ್ಲೂ ಅಂಥವೇ ಇದ್ದವು.

“ಅಬ್ಬ ಇದಾರಾ ಮಗಾ?”

“ಇಲ್ಲ. ಮಲ್ಲಂದೂರಿಗೆ ಹೋಗಿದಾರೆ.”

“ನಮ್ಮಪ್ಪನ ಅಡಿಗಲ್ಲು ಇಲ್ಲಿ ಇತ್ತಲ್ಲ, ಉಂಟಾ?”

“ಇಲ್ಲ. ಅಬ್ಬ ಯಾರಿಗೋ ಕೊಟ್ರು.”

“ಯಾರಿಗೆ?”

“ಗೊತ್ತಿಲ್ಲ.”

ಮಾತು ಅಷ್ಟು ಸರಾಗವಾಗಿ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ಅವಳು ಕೂಡಲೇ ಹೊರಡಲಿಲ್ಲ. ಒಮ್ಮೆ ಶೆಡ್ಡಿನೊಳಗೆ ನೋಡಿದಳು, ಸ್ವಲ್ಪ ಹೊತ್ತು ಹಾಗೇ ನಿಂತಳು, ನಂತರ ನನ್ನ ಮುಖ ನೋಡಿದಳು. ಒಳಗಿನಿಂದ ಉಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಅವಳ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಬಂದವರ ಎದುರಿಗೆ ಗಂಡನ ಮರ್ಯಾದೆ ತೆಗೆಯುವವಳಲ್ಲ ಉಮ್ಮ. ಒಳಗೆ ಬನ್ನಿ, ಚಾ ಕುಡಿದು ಹೋಗಿ ಎಂದಳು. ಶಾರದಕ್ಕ ಬೇಡವೆಂದು, ನೀರು ಮಾತ್ರ ಕೇಳಿ, ನಿಂತಲ್ಲೇ ಕುಡಿದು ಚೊಂಬನ್ನು ನನ್ನ ಕೈಗೆ ಕೊಟ್ಟಳು.

“ಅಬ್ಬ ಬಂದ್ರೆ ಹೇಳು, ಮಂಜಾಚಾರ್ರ ಮಗಳು ಬಂದಿದ್ಲು ಅಂತ. ಕಾಫಿ ಗಿಡ ಸವರೋ ಗಿಡಗಸಿಗೆ ಅಂತ ಎಸ್ಟೇಟಿನವರು ಮೂವತ್ತು ಕತ್ತಿ ಕೇಳಿದಾರೆ. ಮೊದಲನೇ ಆರ್ಡರು. ಅಡಿಗಲ್ಲು ಇದ್ದಿದ್ರೆ ಆಗ್ತಿತ್ತು ಅಂತ ಹೇಳು.”

ಪಕ್ಕದಲ್ಲಿದ್ದ ನನಗೆ ಹೇಳಲು ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಹೇಳಿ, ರಸ್ತೆ ದಾಟಿ, ವಾಪಸು ಹೋಗುವ ಬಸ್ಸಿಗೆ ಕಾದು ನಿಂತಳು. ಬಸ್ಸು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಬ್ಬ ಜೀಪಿನ ಅಡಿಯಿಂದ ಏಳಲಿಲ್ಲ, ನಾನು ಬಾಗಿಲಿನಿಂದ ಏಳಲಿಲ್ಲ.

ಅವತ್ತಿನ ಊಟ ನನಗೆ ಚೆನ್ನಾಗಿ ನೆನಪಿದೆ. ಶುಕ್ರವಾರವೆಂದು ತುಪ್ಪದನ್ನ, ಕೋಳಿ ಸಾರು. ಅಬ್ಬ ಮಸೀದಿಯಿಂದ ಬಂದು ಕೈ ತೊಳೆದು ಕೂತರು. ಉಮ್ಮ ಬಡಿಸಿ ಎದುರಿಗೇ ನಿಂತಳು.

“ಮಗಳ ಬಾಯಲ್ಲಿ ಸುಳ್ಳು ಹೇಳಿಸಿ ನಮಾಜಿಗೆ ಹೋಗಿ ಬಂದ್ರಾ?”

“ಆಚಾರ್ರೇ ಕರೆದು ಕೊಟ್ಟದ್ದು. ನಾನೇನು ಕದ್ದದ್ದಲ್ಲ.”

“ಕೊಟ್ಟದ್ದೋ, ಇಟ್ಕೊಂಡಿರಿ ಅಂದದ್ದೋ?”

“ಎರಡೂ ಒಂದೇ.”

“ಒಂದೇ ಆದ್ರೆ ಜೀಪಿನ ಅಡಿ ಯಾಕೆ ಹೋದ್ರಿ?”

ಅಬ್ಬ ಅನ್ನಕ್ಕೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದರು. ಉಮ್ಮ ದನಿ ಏರಿಸಲಿಲ್ಲ. ಏರಿಸುವಷ್ಟು ತ್ರಾಣ ಅವಳಲ್ಲಿ ಇದ್ದಂತೆ ಕಾಣಲಿಲ್ಲ.

“ನಿಮಗೆ ಅದು ಶುಕ್ರವಾರದ ಆಟಕ್ಕೆ. ಆ ಹೆಂಗಸಿಗೆ ಹೊಟ್ಟೆಗೆ ಬೇಕು.”

“ಮೂರು ವರ್ಷ ಎಣ್ಣೆ ಹಾಕಿ ನೋಡ್ಕೊಂಡಿದೀನಿ ಅದನ್ನ.”

“ಎಣ್ಣೆ ಹಾಕಿದ್ದು ನಾನು. ಈ ಹುಡುಗಿ.”

ಆಗ ಅಬ್ಬ ಹೇಳಿದ ಮಾತು ಬಹಳ ಸಣ್ಣ ದನಿಯಲ್ಲಿತ್ತು. “ನನಗೆ ಅಂತ ಇರೋದು ಅದೊಂದೇ, ಖೈಜಾ.” ಉಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದೇ ಅಪರೂಪ. ಉಮ್ಮ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿ ಒಳಗೆ ಹೋದಳು. ಅವತ್ತು ಚಾವಡಿಯಲ್ಲಿ ಕುಲುಮೆ ಹೊತ್ತಲಿಲ್ಲ. ಮರುದಿನದಿಂದ ಉಮ್ಮ ಕಬ್ಬಿಣ ಒರೆಸುವುದನ್ನು ನಿಲ್ಲಿಸಿದಳು. ಅಬ್ಬನೂ ಒರೆಸು ಎನ್ನಲಿಲ್ಲ. ಮನೆಯಲ್ಲಿ ಮಾತು ಬಹಳ ಕಡಿಮೆಯಾಯಿತು, ಬೇಕಾದದ್ದನ್ನೆಲ್ಲ ನನ್ನ ಮೂಲಕ ಕೇಳುತ್ತಿದ್ದರು. ಚಾ ಬೇಕಂತೆ, ಸೌದೆ ಇಲ್ಲವಂತೆ. ಒಂದು ಮಾತನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುವುದು ಎಷ್ಟು ಆಯಾಸದ ಕೆಲಸ ಎಂದು ಆ ವಯಸ್ಸಿಗೇ ತಿಳಿದುಕೊಂಡೆ.

ಸುಮಾರು ಮೂರು ವಾರ ಕಳೆದಿರಬೇಕು. ಸಂಸೆಯ ಜೀಪೊಂದು ಬ್ರೇಕಿಗೆ ಬಂತು. ಅದರ ಡ್ರೈವರ್ ಉಮ್ಮ ಕೊಟ್ಟ ರೊಟ್ಟಿ ತಿನ್ನುತ್ತಾ, ಯಾರೂ ಕೇಳದೆಯೇ ಹೇಳಿದ.

“ನಿಮ್ಮ ಆಚಾರ್ರ ಮಗಳಿಗೆ ಹೀಗಾಗ್ಬಾರ್ದಿತ್ತು ಹಸನಣ್ಣ. ಅಡಿಗಲ್ಲು ಸಿಗ್ಲಿಲ್ಲ ಅಂತ ಹೊಳೆಯಿಂದ ಒಂದು ಕರಿಕಲ್ಲು ಹೊರಿಸಿ ತಂದು ಅದರ ಮೇಲೇ ಬಡೀತಿದ್ಲು. ಕಲ್ಲು ಸಿಡಿದು ಚೂರು ಕಣ್ಣಿಗೆ ಹೋಯ್ತು. ಮಂಗಳೂರಿಗೆ ಕರ್ಕೊಂಡು ಹೋಗಿದ್ರು. ಮೊನ್ನೆ ಬಂದ್ಲು. ಎಡಗಣ್ಣು ಇನ್ನು ಬರಲ್ವಂತೆ.”

“ಕತ್ತಿ?” ಎಂದರು ಅಬ್ಬ.

“ಎಂಥ ಕತ್ತಿ ಮಾರಾಯ್ರೇ. ಎಸ್ಟೇಟಿನವ್ರು ಪೇಟೆಯಿಂದ ತರಿಸ್ಕೊಂಡ್ರು.”

ಅಬ್ಬ ಬಿಚ್ಚಿದ್ದ ಚಕ್ರವನ್ನು ಹಾಗೇ ಬಿಟ್ಟು ಎದ್ದರು. ಹಿಂದಕ್ಕೆ ಹೋಗಿ ಸೌದೆಯನ್ನು ಕೈಗೆ ಸಿಕ್ಕಂತೆ ಎಸೆದು, ಗೋಣಿ ಕಿತ್ತರು. ಮೂರು ವಾರ ಯಾರೂ ಮುಟ್ಟದ ಅಡಿಗಲ್ಲಿನ ಮೈಮೇಲೆ ತೆಳ್ಳಗೆ ತುಕ್ಕು ಬಂದಿತ್ತು. ಅದನ್ನು ತಮ್ಮ ಅಂಗಿಯಿಂದಲೇ ಒರೆಸಲು ನೋಡಿದರು. ಉಮ್ಮ ಬಂದು ಎಣ್ಣೆಯ ಬಟ್ಟೆ ಕೊಟ್ಟಳು. ಬ್ರೇಕು ಸರಿಮಾಡಿ, ಅದೇ ಜೀಪಿಗೆ ಆ ಡ್ರೈವರ್ ಮತ್ತು ಅಬ್ಬ ಸೇರಿ ಅಡಿಗಲ್ಲನ್ನು ಹತ್ತಿಸಿದರು. ಉಮ್ಮ ನನ್ನ ತಲೆ ಬಾಚಿ, “ನೀನೂ ಹೋಗು,” ಎಂದಳು. ಯಾಕೆ ಕಳಿಸುತ್ತಿದ್ದಾಳೆಂದು ನನಗೂ ಗೊತ್ತಿತ್ತು, ಅಬ್ಬನಿಗೂ ಗೊತ್ತಿತ್ತು.

ಸಂಸೆಯ ಆ ಮನೆಯ ಜಗಲಿಯ ಮೇಲೆ ಮಂಚದಲ್ಲಿ ಮಂಜಾಚಾರರು ಮಲಗಿದ್ದರು. ಜೀಪಿನಿಂದ ಅಡಿಗಲ್ಲು ಇಳಿಯುವುದನ್ನು ಕಂಡು ಎಡಗೈಯಿಂದ ಮಂಚದ ಪಟ್ಟಿಯನ್ನು ತಟ್ಟತೊಡಗಿದರು. ಸಂತೋಷವೋ ಸಿಟ್ಟೋ ಗೊತ್ತಾಗುವ ಹಾಗಿರಲಿಲ್ಲ. ಅಬ್ಬ ಹೋಗಿ ಅವರ ಪಕ್ಕ ನೆಲದ ಮೇಲೆ ಕೂತು ತಲೆ ತಗ್ಗಿಸಿದರು. ಶಾರದಕ್ಕ ಒಳಗಿನಿಂದ ಬಂದಳು. ಎಡಗಣ್ಣಿನ ಮೇಲೆ ಬಿಳಿ ಬಟ್ಟೆಯ ಪಟ್ಟಿ. ಅಡಿಗಲ್ಲನ್ನು ನೋಡಿದಳು, ಅಬ್ಬನನ್ನು ನೋಡಿದಳು.

“ಯಾರಿಗೋ ಕೊಟ್ಟಿದ್ರಂತಲ್ಲ?”

“ವಾಪಸ್ ತಗೊಂಡೆ,” ಎಂದರು ಅಬ್ಬ.

ಅವಳು ಕುಲುಮೆಯ ಮನೆಯಲ್ಲಿ ಅಡಿಗಲ್ಲನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸಿದಳು. ಮೊದಲು ಅದು ಕೂರುತ್ತಿದ್ದ ಮರದ ದಿಮ್ಮಿ ಲಡ್ಡಾಗಿ ಪುಡಿಯಾಗುತ್ತಿತ್ತು. ಅಬ್ಬ ಹೊಸದೊಂದು ಗಟ್ಟಿ ಬೋಗಿ ಮರದ ತುಂಡು ಹುಡುಕಿಸಿ, ನೆಲ ಅಗೆದು ಹೂತು, ಅದರ ಮೇಲೆ ಅಡಿಗಲ್ಲನ್ನು ಕೂರಿಸುವ ಕೆಲಸಕ್ಕೆ ಇಳಿದರು. ಅಗೆಯಲು ಯಾರ ಸಹಾಯವನ್ನೂ ಕೇಳಲಿಲ್ಲ. ನಾನು ಶಾರದಕ್ಕನ ಹಿಂದೆ ಬಾವಿಗೆ ಹೋದೆ. ಅವಳು ಹಗ್ಗಕ್ಕೆ ಕೈ ಹಾಕುವಾಗ ಮೊದಲ ಸಲ ಹಗ್ಗ ಸಿಗಲಿಲ್ಲ, ಎರಡು ಬೆರಳಿನಷ್ಟು ಆಚೆಗೆ ಕೈ ಹೋಯಿತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಆದರೆ ಅದು ಕಣ್ಣಿನಿಂದಲೇ ಆದದ್ದು ಎಂದು ಹೊಳೆಯಿತು.

“ಅಕ್ಕ, ಅವತ್ತು ಅಬ್ಬ ಮನೇಲೇ ಇದ್ರು.”

“ಗೊತ್ತಿತ್ತು ಮಾರಾಯ್ತಿ. ಜೀಪಿನ ಕೆಳಗೆ ಪಾದ ಕಾಣ್ತಿತ್ತಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅವಳು ಕೊಡವನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟು, ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡಳು.

“ನೀನು ಎದುರಿಗೆ ನಿಂತಿದ್ಯಲ್ಲ. ನಿನ್ನ ಮುಂದೆ ನಿನ್ನಪ್ಪನ ಕಾಲು ಹಿಡಿದು ಎಳೆಯೋದಾ? ಒಂದು ವಾರ ಬಿಟ್ಟು ಬರೋಣ, ಅವ್ರೊಬ್ರೇ ಸಿಕ್ಕಾಗ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಎಸ್ಟೇಟಿನವ್ರು ಅವಸರ ಮಾಡಿದ್ರು.”

ನಾನು ಅಳುತ್ತಿದ್ದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬಹುಶಃ ಎರಡಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಕೊಡ ಸೊಂಟಕ್ಕೆ ಏರಿಸುತ್ತಾ ಇಷ್ಟೇ ಹೇಳಿದಳು.

“ನಾನು ನೋಡಿದ್ದೆ ಅಂತ ಅವ್ರಿಗೆ ಹೇಳ್ಬೇಡ. ತಂದು ಕೊಟ್ರಲ್ಲ, ಸಾಕು.”

ಸಂಜೆಯ ಹೊತ್ತಿಗೆ ಅಡಿಗಲ್ಲು ಕೂತಿತು. ಶಾರದಕ್ಕ ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಒಮ್ಮೆ ತಟ್ಟಿದಳು. ಜಗಲಿಯ ಮೇಲೆ ಆಚಾರರ ಕೈ ಸುಮ್ಮನಾಯಿತು. ಬಸ್ಸಿನಲ್ಲಿ ವಾಪಸು ಹೊರಟೆವು. ಕಳಸ ದಾಟಿದ ಮೇಲೆ ಅಬ್ಬ ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

“ಬಾವಿ ಹತ್ರ ಅವ್ಳು ಏನಂದ್ಲು?”

“ಏನೂ ಇಲ್ಲ,” ಎಂದೆ.

ಮೊದಲನೆಯ ಸುಳ್ಳನ್ನು ಅವರು ಹೇಳಿಕೊಟ್ಟಿದ್ದರು. ಇದು ನನ್ನದೇ. ಇದು ಎಷ್ಟು ಭಾರವಾದೀತೆಂದು ಆಗ ಅಂದಾಜಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಬಂದ ಅಬ್ಬ ಚಾವಡಿಗೆ ಹೋಗಲಿಲ್ಲ. ಬಾಗಿಲ ಹಿಂದಿನ ಎರಡು ಇಕ್ಕಳಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಸಂಸೆಯ ಬಸ್ಸು ಹತ್ತಿದರು. ಅದರ ಮುಂದಿನ ಶುಕ್ರವಾರವೂ ಹೋದರು. ಶಾರದಕ್ಕ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಎಲ್ಲಿ 'ಇಲ್ಲಿ' ಎಂದು ತಟ್ಟುತ್ತಾಳೋ ಅಲ್ಲಿ ದೊಡ್ಡ ಸುತ್ತಿಗೆಯಿಂದ ಹೊಡೆಯುವುದು ಅವರ ಕೆಲಸ. ಒಂದು ಕಣ್ಣಿನ ಅಳತೆಗೆ ಅವಳ ಕೈ ಹೊಂದಿಕೊಳ್ಳಲು ವರ್ಷ ಹಿಡಿಯಿತು. ಅಷ್ಟು ದಿನ ಅವಳ ತಟ್ಟು ಅತ್ತಿತ್ತ ಹೋದರೆ ಅಬ್ಬನ ಹೊಡೆತವೂ ಅತ್ತಿತ್ತ ಹೋಗಿ, ಕೆಟ್ಟ ಕತ್ತಿಗಳನ್ನು ಇಬ್ಬರೂ ಮತ್ತೆ ಬೆಂಕಿಗೆ ಹಾಕುತ್ತಿದ್ದರಂತೆ. ಎರಡನೆಯ ವರ್ಷ ಒಂದು ಎಸ್ಟೇಟಿನ ಮೇಸ್ತ್ರಿ ಹತ್ತು ಕತ್ತಿ ಒಯ್ದ. ಆಮೇಲೆ ಇನ್ನೊಬ್ಬರು ಬಂದರು. ಅವಳ ಕುಲುಮೆ ನೆಲೆಯೂರಿತು. ಅಬ್ಬನ ಕುಲುಮೆಯ ಇಟ್ಟಿಗೆಗಳನ್ನು ಉಮ್ಮ ಬಚ್ಚಲೊಲೆಗೆ ಬಳಸಿಕೊಂಡಳು.

ಪ್ರತಿ ಸಲ ಹೋಗುವಾಗಲೂ ಅಬ್ಬ ಮನೆಯಿಂದ ಏನಾದರೊಂದು ಒಯ್ಯುತ್ತಿದ್ದರು. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಮಂಚದ ಕೆಳಗೂ ಓಣಿಯಲ್ಲೂ ನೆಲ ಕಂಡಿತು. ಉಮ್ಮನಿಗೆ ಸಂತೋಷವಾಗುತ್ತದೆ ಎಂದು ನಾನು ಎಣಿಸಿದ್ದೆ. ಅವಳು ಖಾಲಿ ಓಣಿಯನ್ನು ಗುಡಿಸಿ, ಪೊರಕೆ ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತು ಹೇಳಿದಳು: “ಇಷ್ಟು ವರ್ಷ ಒರೆಸಿದ್ದು ಯಾರಿಗೋ ಒಯ್ದು ಕೊಡ್ಲಿಕ್ಕಾ?” ಅವಳ ಸಿಟ್ಟಿಗೆ ಅರ್ಥವಿತ್ತು. ತಪ್ಪು ಮಾಡಿದಾಗಲೂ ತಿದ್ದಿಕೊಂಡಾಗಲೂ ಅಬ್ಬ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ನಾನು ನರ್ಸಿಂಗ್ ಓದಿದೆ. ಮೂಡಿಗೆರೆಯ ಸುತ್ತಿನ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾ ಯಾರ ಯಾರದೋ ಗಾಯ ಕಟ್ಟಿದೆ. ಕಣ್ಣಿಗೆ ಏನಾದರೂ ಬಿದ್ದು ಬಂದವರಿದ್ದರೆ ನನ್ನ ಸರದಿ ಅಲ್ಲದಿದ್ದರೂ ನಾನೇ ಹೋಗುತ್ತಿದ್ದೆ. ಉಮ್ಮ ತೀರಿಕೊಂಡ ಮೇಲೆ ಅಬ್ಬನನ್ನು ನನ್ನ ಮನೆಗೆ ಕರೆತಂದೆ. ಎಪ್ಪತ್ತು ದಾಟಿದ ಮೇಲೂ ಶುಕ್ರವಾರ ಸಂಸೆಗೆ ಹೊರಡುತ್ತಿದ್ದರು. ದೊಡ್ಡ ಸುತ್ತಿಗೆ ಎತ್ತಲಾಗದಿದ್ದಾಗ ಇದ್ದಿಲು ಆರಿಸಿ ಕೊಟ್ಟು ಬರುತ್ತಿದ್ದರು. ಕೊನೆಯ ವರ್ಷ ಅದೂ ಆಗಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಬೀಳುವಲ್ಲಿ ಕುರ್ಚಿ ಹಾಕಿ ಕೂರಿಸಿ, ನಾನು ಕೆಳಗೆ ಕೂತು ಅವರ ಕಾಲಿನ ಉಗುರು ತೆಗೆಯುತ್ತಿದ್ದೆ.

“ಅವತ್ತು ನಾನು ಜೀಪಿನ ಅಡಿ ಇದ್ದದ್ದು ಶಾರದನಿಗೆ ಗೊತ್ತಿತ್ತು,” ಎಂದರು.

ನಾನು ಉಗುರು ತೆಗೆಯುವುದನ್ನು ಬಿಟ್ಟು ತಲೆಯೆತ್ತಿದೆ.

“ಅವಳ ಚಪ್ಪಲಿ ಕಾಣ್ತಿತ್ತು ನನಗೆ. ನನ್ನ ಕಡೆ ತಿರುಗಿ ನಿಂತಿತು. ತುಂಬಾ ಹೊತ್ತು ನಿಂತಿತು. ಆಗ ಎದ್ದು ಬಂದಿದ್ರೆ ಆಗ್ತಿತ್ತು, ಜುಬಿ. ಬರ್ಲಿಲ್ಲ.”

“ಇಷ್ಟು ವರ್ಷ ಅವರ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ ಅಬ್ಬ?”

“ಹೇಗೆ ಹೇಳೋದು? ಅದಕ್ಕೇ ಹೋಗ್ತಿದ್ದೆ ಪ್ರತಿ ವಾರ. ಹೋದ್ರೆ ಕಬ್ಬಿಣ ಕಾದಿರ್ತಿತ್ತು.”

ನಾನು ಮೂವತ್ತು ವರ್ಷಕ್ಕೂ ಮೇಲೆ ಅವರಿಂದ ಮುಚ್ಚಿಟ್ಟದ್ದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನನಗೆ ನಗು ಬರಲಿಲ್ಲ, ಹಗುರವೂ ಆಗಲಿಲ್ಲ. ಬಹಳ ದೂರ ಒಂದು ಹೊರೆ ಹೊತ್ತು ಬಂದವರಿಗೆ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಕುತ್ತಿಗೆ ನೆಟ್ಟಗಾಗುವುದಿಲ್ಲವಲ್ಲ, ಹಾಗಿತ್ತು. ಬಾವಿಯ ಹತ್ತಿರ ಶಾರದಕ್ಕ ಹೇಳಿದ್ದನ್ನು ಆಗ ಅವರಿಗೆ ಹೇಳಿದೆ, ಒಂದೂ ಬಿಡದೆ. ನನ್ನ ಮುಂದೆ ಅವರ ಕಾಲು ಹಿಡಿದು ಎಳೆಯಲು ಮನಸ್ಸಾಗದೆ ಅವಳು ಹೋದಳು ಎನ್ನುವಲ್ಲಿಗೆ ಬಂದಾಗ ಅಬ್ಬ ನನ್ನ ಕೈಯಲ್ಲಿದ್ದ ತಮ್ಮ ಪಾದವನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು. ಅದಾಗಿ ಎರಡು ತಿಂಗಳಲ್ಲಿ ತೀರಿಕೊಂಡರು.

ಗಂಡಸರು ಅಬ್ಬನಿಗೆ ಮಣ್ಣು ಕೊಟ್ಟು ಬಂದ ದಿನ ಶಾರದಕ್ಕ ಸಂಸೆಯಿಂದ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೆಂಗಸರ ನಡುವೆ ಒಂದು ಗಂಟೆ ಕೂತು, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

“ಶುಕ್ರವಾರ ಇನ್ನು ಯಾರೂ ಬರಲ್ಲ ಅಲ್ವಾ?”

ನಾನು ಬರುತ್ತೇನೆ ಎಂದದ್ದು ನನ್ನ ಬಾಯೇ. ನನಗಾಗ ಐವತ್ತರ ಹತ್ತಿರ, ಭುಜದಲ್ಲಿ ನೋವಿತ್ತು, ಆ ವಾರದ ಡ್ಯೂಟಿಯಲ್ಲಿ ಎರಡು ರಾತ್ರಿ ನಿದ್ದೆ ಇರಲಿಲ್ಲ. ಆದರೂ ಹೋದೆ. ಕುಲುಮೆಯ ಮನೆಯಲ್ಲಿ ಗೋಡೆಯುದ್ದಕ್ಕೂ ನಾನೂ ಉಮ್ಮನೂ ಒರೆಸಿದ ಹತ್ಯಾರುಗಳು ಸಾಲಾಗಿ ತೂಗುತ್ತಿದ್ದವು, ಎಲ್ಲಕ್ಕೂ ಹೊಸ ಹಿಡಿ. ಶಾರದಕ್ಕ ಕೆಂಡದಿಂದ ಒಂದು ಕಬ್ಬಿಣದ ಪಟ್ಟಿ ತೆಗೆದು ಅಡಿಗಲ್ಲಿನ ಮೇಲಿಟ್ಟು ತಟ್ಟಿದಳು. ನಾನು ದೊಡ್ಡ ಸುತ್ತಿಗೆ ಎತ್ತಿ ಬಾರಿಸಿದೆ. ಆರೇಳು ಹೊಡೆತಕ್ಕೆ ಉಸಿರು ಹೋಯಿತು.

“ಅಷ್ಟು ಜೋರು ಯಾಕೆ? ದಣಿದು ಹೋಗ್ತಿ.”

“ದಣಿದೇ ಬಂದಿದೀನಿ ಅಕ್ಕ.”

ಅವಳು ಪಟ್ಟಿಯನ್ನು ಮತ್ತೆ ಕೆಂಡದೊಳಕ್ಕೆ ತಳ್ಳಿ, ಗೋಡೆಯ ಪಕ್ಕದ ಮಣೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದಳು.

“ಹಾಗಾದ್ರೆ ಕೂತ್ಕೋ. ಅದು ಕಾಯೋವರೆಗೆ ನಮಗೂ ಕೆಲಸ ಇಲ್ಲ.”

ಕೂತೆ.